ನಾನು ಪಾರ್ಸರ್ ರಿಪೇರಿ ಮಾಡಿದ್ದು

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ರಿಪೇರಿಯ ಚಟ. ನಶ್ಯ ಏರಿಸುವವನು ತನ್ನ ಮೂಗನ್ನಷ್ಟೇ ಹಾಳು ಮಾಡಿಕೊಳ್ಳುತ್ತಾನೆ, ಇಸ್ಪೀಟಾಡುವವನು ಹೆಚ್ಚೆಂದರೆ ತನ್ನ ಸಂಸಾರ ಹಾಳು ಮಾಡಿಕೊಳ್ಳುತ್ತಾನೆ. ರಿಪೇರಿಯ ಚಟದವನು ಮಾತ್ರ ತಮ್ಮ ಪಾಡಿಗೆ ತಾವಿರುವ ವಸ್ತುಗಳನ್ನೂ ಮನುಷ್ಯರನ್ನೂ ಹುಡುಕಿಕೊಂಡು ಹೋಗಿ ಹಾಳು ಮಾಡುತ್ತಾನೆ. ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಬಾಡಿಗೆ ಮನೆಯಲ್ಲಿ ಕರೆಗಂಟೆ ಸ್ವಲ್ಪ ಗೊರಗೊರ ಎನ್ನುತ್ತಿತ್ತು, ಅಷ್ಟೆ. ಒಂದು ಭಾನುವಾರ ಅದನ್ನು ಬಿಚ್ಚಿ ಸರಿಮಾಡಿದೆ. ಅಂದಿನಿಂದ ಬಾಗಿಲಲ್ಲಿ ನಿಂತು ಎಷ್ಟು ಒತ್ತಿದರೂ ಸದ್ದಿಲ್ಲ; ಬಚ್ಚಲುಮನೆಯ ದೀಪ ಹಾಕಿದರೆ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಬಾರಿಸುತ್ತಿತ್ತು. ಮೇಲಿನ ಮನೆಯವರು ಕಂಡಾಗಲೆಲ್ಲ ನಮ್ಮ ಹೊಟ್ಟೆಯ ಆರೋಗ್ಯ ವಿಚಾರಿಸತೊಡಗಿದರು. ನನ್ನ ಹೆಂಡತಿ ವಿಜಯಾ ರಾಯಚೂರಿನವಳು, ರೈಲ್ವೆಯ ಟಿಕೆಟ್ ಕೌಂಟರಿನಲ್ಲಿ ಕೂರುವವಳು; ಜನರಿಗೆ ಚಿಕ್ಕದಾಗಿ ಉತ್ತರ ಹೇಳಿ ಅಭ್ಯಾಸ. ಸ್ಕ್ರೂಡ್ರೈವರನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟು, "ದೇವರು ನಿಮಗ ಕೈ ಕೊಟ್ಟಿದ್ದು ಊಟಾ ಮಾಡಾಕ ಅಷ್ಟ ಅಂತ ತಿಳ್ಕೊಂಡು ಸುಮ್ನ ಕೂಡ್ರಿ," ಎಂದಳು.

ಮನೆಯಲ್ಲಿ ಸುಮ್ಮನೆ ಕೂತೆ. ಆದರೆ ಆಫೀಸಿನಲ್ಲಿ ಅಕ್ಕಿ ಡಬ್ಬಿ ಇರಲಿಲ್ಲ. ಮಾದಾಪುರದಲ್ಲಿ ಆಗ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ; ಬೆಳಿಗ್ಗೆ ಸ್ಕೂಟರಿನಲ್ಲಿ ಹೋಗುವಾಗ ನಿನ್ನೆ ಗುರುತಿಟ್ಟುಕೊಂಡಿದ್ದ ಗುಡ್ಡ ಇವತ್ತು ಇರುತ್ತಿರಲಿಲ್ಲ. ಅಂಥ ಒಂದು ಕಟ್ಟಡದಲ್ಲಿ ಕೂತು ನಾವು ಬಾಲಾನಗರದ ಒಂದು ಕಾರ್ಖಾನೆಗೆ ಸಂಬಳ, ರಜೆ, ಹಾಜರಿ ನೋಡಿಕೊಳ್ಳುವ ಪ್ರೋಗ್ರಾಮು ಬರೆಯುತ್ತಿದ್ದೆವು. ನಾವು ಎಂದದ್ದು ಮರ್ಯಾದೆಗೆ, ಬರೆಯುತ್ತಿದ್ದವರು ಉಳಿದವರು. ನನ್ನ ಪಾಲಿಗೆ ಬಂದದ್ದು ಅದರ ಕೈಪಿಡಿ. ಪ್ರೋಗ್ರಾಮು ಬರೆಯುವವರು ಪ್ರತಿ ಭಾಗದ ನೆತ್ತಿಯ ಮೇಲೂ, ಇದು ಏನು ಮಾಡುತ್ತದೆ ಎಂದು ಮನುಷ್ಯರು ಓದುವಂಥ ನಾಲ್ಕು ಸಾಲಿನ ಟಿಪ್ಪಣಿ ಹಾಕಬೇಕು. ಕಂಪ್ಯೂಟರು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಆ ಟಿಪ್ಪಣಿಗಳನ್ನೆಲ್ಲ ಹೆಕ್ಕಿ, ಬಿಡಿಸಿ, ಪುಸ್ತಕ ಮಾಡಿಕೊಡುವ ಪಾರ್ಸರ್ ಎಂಬ ಪ್ರೋಗ್ರಾಮು ನನ್ನದು. ಬೇರೆಯವರು ಕಂಪ್ಯೂಟರಿಗೆ ಬುದ್ಧಿ ಹೇಳುತ್ತಿದ್ದರೆ ನಾನು ಅವರ ಮಾತನ್ನು ಗುಡಿಸಿ ಒಟ್ಟು ಮಾಡುತ್ತಿದ್ದೆ.

ಟಿಪ್ಪಣಿಯಲ್ಲಿ ದಪ್ಪಕ್ಷರ ಬೇಕೆಂದರೆ, ಹೊಸ ಪ್ಯಾರಾ ಬೇಕೆಂದರೆ, ಕೋನದ ಕಂಸದೊಳಗೆ ಎಚ್‌ಟಿಎಂಎಲ್ ಟ್ಯಾಗ್ ಎಂಬ ಗುರುತು ಹಾಕುತ್ತಾರೆ. ಬರಿಯ ಟ್ಯಾಗು ಬಂದರೆ ನನ್ನ ಪಾರ್ಸರ್ ಸಂತೋಷದಿಂದ ಬರಮಾಡಿಕೊಳ್ಳುತ್ತಿತ್ತು. ಟ್ಯಾಗಿನ ಜೊತೆ ಬಣ್ಣ ಕೆಂಪು, ಅಗಲ ಇಷ್ಟು ಎಂದು ಆಟ್ರಿಬ್ಯೂಟ್ ಒಂದು ಅಂಟಿಕೊಂಡಿತೋ, ಮುಗಿಯಿತು; ಬರಿಗೈಲಿ ಬಂದವರನ್ನು ಒಳಗೆ ಬಿಟ್ಟು ಚೀಲ ಹಿಡಿದವರನ್ನು ಗೇಟಿನಿಂದಲೇ ಅಟ್ಟುವ ವಾಚ್‌ಮನ್ನಿನ ಹಾಗೆ, ಆ ಟ್ಯಾಗು ಮುಚ್ಚುವವರೆಗಿನ ಮಾತನ್ನೆಲ್ಲ ಸದ್ದಿಲ್ಲದೆ ಬಿಸಾಡುತ್ತಿತ್ತು. ಗೊಣಗುತ್ತಲೂ ಇರಲಿಲ್ಲವಾದ್ದರಿಂದ ನನಗೆ ಗೊತ್ತಿರಲಿಲ್ಲ. ಕಾರ್ಖಾನೆಯವರು ಕೈಪಿಡಿಯಲ್ಲಿ ಎಚ್ಚರಿಕೆಗಳೆಲ್ಲ ಕೆಂಪಕ್ಷರದಲ್ಲಿ ಇರಲಿ ಎಂದಾಗಲೇ ಈ ರೋಗ ಬೆಳಕಿಗೆ ಬಂತು. ನಮ್ಮ ಮ್ಯಾನೇಜರ್ ಪ್ರಸಾದ್ ಹೈದರಾಬಾದಿನವರೇ, ಎಂಥ ಕೆಟ್ಟ ಸುದ್ದಿಯನ್ನೂ ಹಲ್ಲುಬಿಟ್ಟು ನಗುತ್ತ ಹೇಳುವವರು. ಸರಿಮಾಡಲು ಎಷ್ಟು ಹೊತ್ತು ಬೇಕು ಎಂದು ಮೀಟಿಂಗಿನಲ್ಲಿ ಕೇಳಿದರು. ಮಧ್ಯಾಹ್ನದೊಳಗೆ ಆಗುತ್ತದೆ ಎಂದೆ. ಯಾವ ದಿನದ ಮಧ್ಯಾಹ್ನ ಎಂದು ಅವರು ಕೇಳಲಿಲ್ಲ, ಅದು ನನ್ನ ಪುಣ್ಯ.

ಆಟ್ರಿಬ್ಯೂಟ್ ದೂರದಿಂದ ಸಾಧು ಪ್ರಾಣಿ. ಹತ್ತಿರ ಹೋದರೆ ಒಬ್ಬರು ಬಣ್ಣದ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದರು, ಇನ್ನೊಬ್ಬರು ಒಂಟಿ ಚಿಹ್ನೆಯೊಳಗೆ, ಮತ್ತೊಬ್ಬ ಪುಣ್ಯಾತ್ಮ ಚಿಹ್ನೆಯೇ ಇಲ್ಲದೆ ಬೆತ್ತಲೆ ಬಿಟ್ಟಿದ್ದ. ಒಬ್ಬ ಚಿಹ್ನೆ ತೆರೆದವನು ಮುಚ್ಚುವುದನ್ನೇ ಮರೆತಿದ್ದ. ನನ್ನ ಪಾರ್ಸರ್ ಮುಚ್ಚುವ ಚಿಹ್ನೆಯನ್ನು ಹುಡುಕುತ್ತ ಹೋಗಿ ಅರ್ಧ ಅಧ್ಯಾಯವನ್ನು ಬಣ್ಣದ ಹೆಸರೆಂದು ತಿಳಿದು ನುಂಗಿತು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ಇಷ್ಟರ ನಡುವೆ ನಾನು ಟ್ಯಾಗಿನ ಬೇಲಿಯನ್ನೇ ನೋಡುತ್ತಿದ್ದೆ ಹೊರತು ಬೇಲಿಯೊಳಗೆ ಯಾವ ಮಾತು ಕೂತಿದೆ ಎಂದು ಒಮ್ಮೆಯೂ ಓದಲಿಲ್ಲ. ಮನೆಯಲ್ಲೂ ಅದೇ ಧ್ಯಾನ. ಊಟಕ್ಕೆ ಕೂತಾಗ ವಿಜಯಾ, ಹಪ್ಪಳ ಹಿಡಿದುಕೊಂಡು ಏನು ಯೋಚನೆ ಎಂದು ಕೇಳಿದಳು. ತೆರೆದದ್ದನ್ನು ಮುಚ್ಚದಿದ್ದರೆ ಎಂಥ ಅನಾಹುತವಾಗುತ್ತದೆ ಎಂದು ಸವಿಸ್ತಾರವಾಗಿ ವಿವರಿಸಿದೆ. ಪೂರ್ತಿ ಕೇಳಿದ ಮೇಲೆ ಅವಳು, ಹಾಗಾದರೆ ಮೊದಲು ಎದ್ದು ಫ್ರಿಜ್ಜಿನ ಬಾಗಿಲು ಮುಚ್ಚಿ ಬನ್ನಿ ಎಂದಳು.

ಆ ದಿನಗಳಲ್ಲಿ ಸಹೋದ್ಯೋಗಿಗಳು ನನ್ನ ಮೇಲೆ ತೋರಿಸಿದ ಪ್ರೀತಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನನ್ನನ್ನು ಕಂಡರೆ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತಿದ್ದವರು ಇರಾನಿ ಚಹಾಕ್ಕೆ ಕರೆದುಕೊಂಡು ಹೋಗಿ ಉಸ್ಮಾನಿಯಾ ಬಿಸ್ಕತ್ತು ಮುಂದಿಟ್ಟರು. ಇಷ್ಟು ಕಷ್ಟ ಯಾಕೆ, ನಾಲ್ಕು ಎಚ್ಚರಿಕೆಗೆ ಕೈಯಲ್ಲೇ ಬಣ್ಣ ಹಚ್ಚಿದರಾಯಿತು ಎಂದರು. ಕಣ್ಣು ಕೆಂಪಾಗಿದೆ, ನಾಲ್ಕು ದಿನ ಊರಿಗೆ ಹೋಗಿ ಬನ್ನಿ ಎಂದರು. ಮಹಾದೇವಿಯೂ ಬಂದಳು. ಕಲಬುರ್ಗಿ ಕಡೆಯ ಹುಡುಗಿ. ಅವಳ ತಂದೆತಾಯಿ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಬಂದು ಮಾದಾಪುರದ ಎಷ್ಟೋ ಮಾಳಿಗೆಗಳಿಗೆ ಸಿಮೆಂಟು ಹೊತ್ತವರು. ನಮ್ಮಲ್ಲಿ ಕೆಲಸಕ್ಕೆ ಸೇರಿದ್ದರೂ ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಆ ತಿಂಗಳ ಕೊನೆಗೆ ಪ್ರಸಾದ್ ಹೂಂ ಅನ್ನಬೇಕಿತ್ತು. ಹೂಂ ಅಂದರೆ ಅಪ್ಪನ ಕೆಲಸ ಬಿಡಿಸಬೇಕು, ಅವನ ಬೆನ್ನು ಹೋಗಿದೆ ಎಂದು ಅವಳು ಹೇಳಿದ್ದುಂಟು. "ಸರ್, ಹಳೇದ ಭಾಳ ಚಲೋ ಐತ್ರಿ. ಅದಕ್ಕ ಯಾಕ ಕೈ ಹಚ್ಚಾಕತ್ತೀರಿ?" ಎಂದಳು. ನನ್ನ ಕೆಲಸವನ್ನು ಅಷ್ಟು ಮೆಚ್ಚಿದವರು ಅದುವರೆಗೆ ಯಾರೂ ಇರಲಿಲ್ಲ. ನನ್ನ ಹುರುಪು ಇಮ್ಮಡಿಯಾಯಿತು.

ಕೊನೆಗೂ ಒಂದು ಮಧ್ಯಾಹ್ನ ಪಾರ್ಸರ್ ಎಲ್ಲ ಥರದ ಆಟ್ರಿಬ್ಯೂಟನ್ನೂ ಹಿಡಿದು ಜೀರ್ಣಿಸಿಕೊಂಡಿತು. ಪುಸ್ತಕ ಮೊದಲಿಗಿಂತ ಒಂದು ಬೆರಳು ದಪ್ಪಗಾಗಿ ಬಂತು. ಒಂದು ಪ್ರತಿಯನ್ನು ಪ್ರಸಾದರ ಮೇಜಿನ ಮೇಲಿಟ್ಟು, ನಿಧಾನವಾಗಿ ನೋಡಿ ಎಂದು ಬೀಗುತ್ತ ಬಂದೆ. ಸೋಮವಾರ ಕಾರ್ಖಾನೆಯವರು ಬಂದು ತೆಗೆದುಕೊಂಡು ಹೋಗುವುದಿತ್ತು. ಆಮೇಲೆ ನನ್ನ ಪ್ರತಿ ತೆರೆದೆ. ಹಾಜರಿಯ ಅಧ್ಯಾಯದಲ್ಲಿ, ಚಂದದ ಕೆಂಪಕ್ಷರದಲ್ಲಿ, ಈ ಲೆಕ್ಕ ಹೇಗೆ ಸರಿ ಬರುತ್ತದೋ ನನಗೂ ಗೊತ್ತಿಲ್ಲ, ಯಾರೂ ಮುಟ್ಟಬೇಡಿ ಎಂದಿತ್ತು. ಇದೂ ಎಚ್ಚರಿಕೆಯೇ ತಾನೇ ಎಂದುಕೊಂಡೆ. ಮುಂದಿನ ಪುಟದಲ್ಲಿ ಕ್ಯಾಂಟೀನಿನ ಸಾಂಬಾರಿನಲ್ಲಿ ಬೇಳೆ ಕಂಡವರು ತಿಳಿಸಬೇಕೆಂಬ ಪ್ರಕಟಣೆ; ಅದರ ಕೆಳಗೆ ಇನ್ನೊಬ್ಬರು ಬೇರೆ ಬಣ್ಣದಲ್ಲಿ ಕೊಟ್ಟ ಉತ್ತರ. ಆಗ ತಿಳಿಯಿತು. ಬಣ್ಣದ ಟ್ಯಾಗಿನೊಳಗೆ ಏನು ಬರೆದರೂ ಪುಸ್ತಕಕ್ಕೆ ಬರುವುದಿಲ್ಲ ಎಂದು ಈ ಮಹಾನುಭಾವರು ಎಂದೋ ಕಂಡುಹಿಡಿದು, ಅದನ್ನೇ ಹರಟೆಕಟ್ಟೆ ಮಾಡಿಕೊಂಡಿದ್ದರು. ಕಟ್ಟೆ ಕಟ್ಟಿಕೊಟ್ಟ ನನಗೊಬ್ಬನಿಗೆ ಗೊತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಜವಾಬ್ದಾರಿಯುಳ್ಳ ಮನುಷ್ಯ ಏನು ಮಾಡಬೇಕು? ಓಡಿಹೋಗಿ ಮ್ಯಾನೇಜರ ಮೇಜಿನಿಂದ ಪ್ರತಿ ವಾಪಸು ತರಬೇಕು. ನಾನು ನನ್ನ ಹೆಸರು ಎಲ್ಲೆಲ್ಲಿ ಬಂದಿದೆ ಎಂದು ಹುಡುಕಿದೆ. ಧಾರಾಳವಾಗಿಯೇ ಬಂದಿತ್ತು. ಗುರುರಾಜ್ ಸರ್‌ಗೆ ಸಿಕಂದರಾಬಾದಿನ ದಾರಿ ಕೇಳಿದರೆ ಬೀದರಿನಿಂದ ಶುರುಮಾಡುತ್ತಾರೆ ಎಂದು ಒಂದು ಕಡೆ. ಅವರನ್ನು ಹೇಗಿದ್ದೀರಿ ಎಂದು ಕೇಳಿದವನು ಇನ್ನೂ ಊಟಕ್ಕೆ ಬಂದಿಲ್ಲ ಎಂದು ಇನ್ನೊಂದು ಕಡೆ. ಟ್ಯಾಗಿನ ಈ ವಿಷಯ ಅವರಿಗೆ ಯಾರೂ ಹೇಳಬೇಡಿ, ಗೊತ್ತಾದರೆ ಸರಿಮಾಡಿಬಿಡುತ್ತಾರೆ ಎಂದು ಸಂಬಳದ ಅಧ್ಯಾಯದಲ್ಲಿ. ನಿಜ ಹೇಳುತ್ತೇನೆ, ನನಗೆ ಬಹಳ ನೋವಾಯಿತು. ತಿಂದ ಬಿಸ್ಕತ್ತೆಲ್ಲ ಕಣ್ಣಮುಂದೆ ಬಂತು. ಹಾಳಾಗಿ ಹೋಗಲಿ, ಮ್ಯಾನೇಜರು ಓದಲಿ, ಇವರಿಗೆಲ್ಲ ತಕ್ಕ ಶಾಸ್ತಿಯಾಗಲಿ ಎಂದು ಕಾಲು ಚಾಚಿ ಕೂತೆ.

ಆಗ ಮಹಾದೇವಿ ಬಂದು ನಿಂತಳು. ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಪ್ರತಿಯನ್ನು ತೆಗೆದುಕೊಂಡು ರಜೆಯ ಅಧ್ಯಾಯ ತೆರೆದು ತೋರಿಸಿದಳು. ರಜೆಯ ಭಾಗ ಬರೆದವಳು ಅವಳು ಎಂದು ಇಡೀ ಆಫೀಸಿಗೆ ಗೊತ್ತು. ಅಲ್ಲಿ, ರಜೆ ಕೇಳಿದರೆ ಪ್ರಸಾದ್ ಸರ್ ಕೊಡುವುದಿಲ್ಲ, ಹಲ್ಲು ತೋರಿಸುತ್ತಾರೆ; ಆ ಹಲ್ಲು ನೋಡುವುದಕ್ಕಿಂತ ಜ್ವರದಲ್ಲಿ ಕೆಲಸಕ್ಕೆ ಬರುವುದೇ ಮೇಲು ಎಂದಿತ್ತು. ಮ್ಯಾನೇಜರು ಊಟ ಮುಗಿಸಿ ಅದೇ ಪುಸ್ತಕ ಓದಾಕತ್ತಾರ ಎಂದಷ್ಟೇ ಹೇಳಿದಳು. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಈ ಹುಡುಗಿ ಬೇಡ ಬೇಡ ಎಂದಿದ್ದಳು, ನಾನು ಕೇಳಲಿಲ್ಲ. ಅವಳ ನೌಕರಿ ಹೋದರೆ ಅದು ನನ್ನ ರಿಪೇರಿಯಿಂದಲೇ.

ಪ್ರಸಾದರ ಕೋಣೆಗೆ ಹೋಗುವಾಗ ಪ್ರಿಂಟರು ಕೆಟ್ಟಿತ್ತು, ಪುಟ ಅದಲು ಬದಲಾಗಿದೆ ಎಂದೆಲ್ಲ ಸುಳ್ಳು ಸಿದ್ಧಮಾಡಿಕೊಂಡಿದ್ದೆ. ಅವರು ರಜೆಯ ಅಧ್ಯಾಯದೊಳಗೆ ಬೆರಳಿಟ್ಟುಕೊಂಡು ಕೂತಿದ್ದರು. ಹಲ್ಲು ಕಾಣುತ್ತಿರಲಿಲ್ಲ. ಎಲ್ಲ ಸುಳ್ಳೂ ಮರೆತುಹೋಯಿತು.

"ಗುರುರಾಜ್ ಗಾರು, ಈ ಭಾಗ ಮಹಾದೇವಿಯದಲ್ಲವೇ?" ಎಂದರು.

"ಭಾಗ ಅವಳದು. ಕೆಂಪು ಮಾತು ನನ್ನದು," ಎಂದೆ. ಪಾರ್ಸರ್ ಪರೀಕ್ಷೆಗೆಂದು ಅಲ್ಲಲ್ಲಿ ಏನೇನೋ ತುಂಬಿಸಿದ್ದೆ, ತೆಗೆಯಲು ಮರೆತೆ ಎಂದೂ ಸೇರಿಸಿದೆ. ಎಲ್ಲವನ್ನೂ ನೀವೇ ಬರೆದಿರಾ ಎಂದು ಕೇಳಿದರು. ಎಲ್ಲವನ್ನೂ ಎಂದೆ. ಆ ಮಾತು ಬಾಯಿಂದ ಬಿದ್ದ ಮೇಲೆ ನನಗೆ ಅದರ ಬೆಲೆ ಗೊತ್ತಾಯಿತು. ಪ್ರಸಾದ್ ಹಿಂದಕ್ಕೆ ಪುಟ ತಿರುಗಿಸಿ, ಬೀದರಿನ ದಾರಿಯನ್ನು ಗಟ್ಟಿಯಾಗಿ ಓದಿ, ಇದೂ ನೀವೇನಾ ಎಂದರು. ನಾನೇ ಎಂದೆ. ಊಟಕ್ಕೆ ಬಾರದವನನ್ನು ಓದಿ, ಇದೂ? ಅದೂ ನಾನೇ. ಗೊತ್ತಾದರೆ ಸರಿಮಾಡಿಬಿಡುತ್ತಾರೆ ಎಂಬುದನ್ನು ಎರಡು ಸಲ ಓದಿದರು. ಅದಕ್ಕೂ ತಲೆಯಾಡಿಸಿದೆ. ನಾನು ಗಮನಿಸದೇ ಹೋಗಿದ್ದ ಇನ್ನೂ ಕೆಲವನ್ನು ಅವರೇ ಹುಡುಕಿ ಓದಿದರು. ನನ್ನ ಸ್ಕೂಟರಿನ ಬಗ್ಗೆ ಇತ್ತು, ನನ್ನ ಶರ್ಟಿನ ಬಗ್ಗೆ ಇತ್ತು. ಎಲ್ಲದಕ್ಕೂ ನಾನೇ ನಾನೇ ಎನ್ನುತ್ತ ನಿಂತೆ.

"ನಿಮ್ಮನ್ನು ನೀವು ಇಷ್ಟು ಚೆನ್ನಾಗಿ ಬಲ್ಲಿರಿ ಎಂದು ನನಗೆ ಗೊತ್ತಿರಲಿಲ್ಲ," ಎಂದು ಪುಸ್ತಕ ವಾಪಸು ಕೊಟ್ಟರು. ಸೋಮವಾರಕ್ಕೆ ಶುದ್ಧ ಪ್ರತಿ ಇರಲಿ ಎಂದರು. ಅವರು ನನ್ನ ಮಾತು ನಂಬಿದರೋ, ನಂಬಿದಂತೆ ಮಾಡಿದರೋ ಇವತ್ತಿಗೂ ತಿಳಿಯದು. ಬಾಯಿ ಮುಚ್ಚಿಕೊಂಡೇ ನಕ್ಕರು. ಆಮೇಲೆ ಯಾರು ರಜೆ ಕೇಳಿದರೂ ಹಾಗೆಯೇ ನಗುತ್ತಿದ್ದರಂತೆ, ಮತ್ತು ಕೆಲವು ಸಲ ಕೊಡುತ್ತಲೂ ಇದ್ದರಂತೆ.

ತಿಂಗಳ ಕೊನೆಗೆ ಮಹಾದೇವಿಯ ನೌಕರಿ ಕಾಯಂ ಆಯಿತು. ಮನೆಯಿಂದ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ನೇರ ನನ್ನ ಮೇಜಿಗೆ ಬಂದಳು. ಅಪ್ಪ ಕೆಲಸ ಬಿಟ್ಟಾನ್ರಿ, ನಿನ್ನೆ ಮಧ್ಯಾಹ್ನ ಪೂರಾ ಮಲಗಿದ್ದ ಎಂದಳು. ಅದನ್ನು ಕೇಳಿ ನನ್ನ ಕಣ್ಣು ಒದ್ದೆಯಾಯಿತು; ನನ್ನ ರಿಪೇರಿಯ ಇತಿಹಾಸದಲ್ಲಿ ಹಾಳಾಗದೆ ಉಳಿದದ್ದು ಇದೊಂದೇ. ಹೋಳಿಗೆ ಮುರಿಯುತ್ತ, ಅಷ್ಟಕ್ಕೇ ಸುಮ್ಮನಿರದೆ, ಬೀದರಿನ ಮಾತು ಬರೆದವರು ಯಾರು ಎಂದು ಕೇಳಿದೆ. ಯಾವ ಕಿಡಿಗೇಡಿಯ ಹೆಸರು ಬರುತ್ತದೋ ಎಂದು ನೋಡುತ್ತಿದ್ದೆ.

ಅವಳು ತಲೆ ತಗ್ಗಿಸಿದಳು. "ನಾನ ಬರ್ದಿದ್ದ ಸರ್. ತಪ್ಪ ತಿಳೀಬ್ಯಾಡ್ರಿ."

ಛೆ ಛೆ, ತಪ್ಪೇನು ಬಂತು ಎಂದು ನಕ್ಕೆ. ಆದರೆ ಒಂದು ಮಾತು ಸ್ಪಷ್ಟವಾಗಲಿ, ನಾನು ಹಾಗಲ್ಲ ಎಂದೆ. ಸಿಕಂದರಾಬಾದಿನ ದಾರಿ ಕೇಳುವವನು ಮೊದಲು ಯಾವ ಕಡೆಯಿಂದ ಬಂದವನೆಂದು ತಿಳಿಯಬೇಕಲ್ಲವೇ, ಈಗ ಉದಾಹರಣೆಗೆ ಅವನು ಬೀದರ್ ಕಡೆಯವನೇ ಎಂದಿಟ್ಟುಕೊಳ್ಳೋಣ ಎಂದು ಶುರುಮಾಡಿದೆ. ಮಹಾದೇವಿ ಡಬ್ಬಿಯ ಮುಚ್ಚಳ ಹಾಕಿ, ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.