ಖಾಯಂ ನಿರುದ್ಯೋಗಿ ಹುದ್ದೆಗೆ ನನ್ನನ್ನು ನೇಮಿಸಿದ್ದರ ಕುರಿತು

ಉದ್ಯೋಗ ವಿನಿಮಯ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಮೇಜಿಗೂ, ನನ್ನ ಅರ್ಜಿ ಗಾಳಿಗೆ ಹಾರಿಹೋಗದಂತೆ ಎರಡು ವರ್ಷ ಅದರ ಮೇಲೆ ಕದಲದೆ ಕುಳಿತಿದ್ದ ಗಾಜಿನ ಗುಂಡಿಗೂ ಗೌರವಪೂರ್ವಕ ನಮಸ್ಕಾರಗಳು. ತಮ್ಮ ಕಚೇರಿಯ ನೀರಿನ ಡ್ರಮ್ಮಿನ ಪಕ್ಕದ ಬೆಂಚಿನಲ್ಲಿ ಎಡತುದಿಗೆ ಕೂರುತ್ತಿದ್ದ ಮಾನವಶಾಸ್ತ್ರದ ಸ್ನಾತಕೋತ್ತರ ಪದವೀಧರೆ ನಾನು.

ನನ್ನ ಓದಿನ ಬಗ್ಗೆ ಮನೆಯವರಿಗೆ ಅಪಾರ ಹೆಮ್ಮೆ. ಅದು ಏನು ಓದು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಚಿಕ್ಕಪ್ಪ ಅದನ್ನು ಮೂಳೆ ಡಾಕ್ಟರಿಕೆ ಎಂದುಕೊಂಡು, ನನ್ನನ್ನು ಕಂಡಾಗಲೆಲ್ಲ ಪ್ಯಾಂಟು ಮಡಚಿ ಮಂಡಿ ತೋರಿಸುತ್ತಾರೆ. “ಮನುಷ್ಯರ ಬಗ್ಗೆ ಓದೋಕೆ ಕಾಲೇಜಿಗೆ ಯಾಕೆ ಹೋಗ್ಬೇಕಿತ್ತೇ? ನಾವೆಲ್ಲ ಮನೇಲೇ ಇದ್ವಲ್ಲ!” ಎಂದು ಅತ್ತೆ ಕೇಳಿದ ಪ್ರಶ್ನೆಯನ್ನು ನಮ್ಮ ಪ್ರಾಧ್ಯಾಪಕರು ಮರುವರ್ಷದ ಪರೀಕ್ಷೆಗೇ ಹಾಕಿದರು.

ತಾವಾದರೋ ನನ್ನ ಕೈಬಿಡಲಿಲ್ಲ. ತಮ್ಮ ಕಂಪ್ಯೂಟರಿನ ಪಟ್ಟಿಯಲ್ಲಿ ‘ಮಾನವ’ ಎಂದು ಶುರುವಾಗುವ ಕಸುಬು ‘ಮಾನವ ಕೂದಲು ವಿಂಗಡಣೆ’ ಒಂದೇ ಆದ್ದರಿಂದ, ಅದಕ್ಕೇ ಗುರುತು ಹಾಕಿ ನನ್ನನ್ನು ವಿಗ್ಗಿನ ಕಾರ್ಖಾನೆಗೆ ಸಂದರ್ಶನಕ್ಕೆ ಕಳುಹಿಸಿದಿರಿ. ಅಲ್ಲಿಯ ಮೇಲ್ವಿಚಾರಕಿ ಎರಡು ಕೂದಲ ಕಂತೆಗಳನ್ನು ಮುಂದಿಟ್ಟು ಯಾವುದು ಗುಂಗುರು, ಯಾವುದು ನೇರ ಎಂದು ಕೇಳಿದರು. ನಾನು ಕೂದಲಿಗೂ ಸಾಮಾಜಿಕ ಅಂತಸ್ತಿಗೂ ಇರುವ ನಂಟನ್ನು ಮುಕ್ಕಾಲು ಗಂಟೆ ವಿವರಿಸಿದೆ. ಅವರು ಎದ್ದು ಬಂದು ಪ್ರೀತಿಯಿಂದ ಬಾಗಿಲು ತೆರೆದುಕೊಟ್ಟರು.

ಅಂದಿನಿಂದ ನಾನು ಬೆಂಚಿನಲ್ಲೇ ಕುಳಿತು, ಕಲಿತ ವಿದ್ಯೆ ತುಕ್ಕು ಹಿಡಿಯದಿರಲೆಂದು ತಮ್ಮ ಕಚೇರಿಯನ್ನೇ ಅಧ್ಯಯನ ಮಾಡತೊಡಗಿದೆ. ಪರಿಶೀಲನೆಯ ಗುಮಾಸ್ತರ ಮೇಜಿಗೂ ಮೊಹರಿನ ಗುಮಾಸ್ತೆಯ ಮೇಜಿಗೂ ನಡುವೆ ಒಂದು ಮೊಳದ ಅಂತರ. ಆದರೂ ಒಬ್ಬರು ನೋಡಿದ ಅರ್ಜಿಯನ್ನು ಜವಾನ ಎತ್ತಿಕೊಂಡು, ಹಿಂಬಾಗಿಲಿನಿಂದ ಹೊರಟು, ಸೈಕಲ್ ನಿಲ್ಲಿಸುವ ಜಾಗ ಸುತ್ತಿ, ಮುಂಬಾಗಿಲಿನಿಂದ ಒಳಬಂದು ಇನ್ನೊಬ್ಬರಿಗೆ ಕೊಡುತ್ತಿದ್ದ. ತಿಂಗಳಿಗೆ ನಾಲ್ಕು ಅರ್ಜಿ ದಾಟಿದರೆ ಹೆಚ್ಚು. ಕಾರಣ ಕೇಳಿದಾಗ ಜವಾನ ಪಿಸುಗುಟ್ಟಿದ: “ಅವರಿಬ್ರೂ ಬೀಗರು ಕಣಮ್ಮ. ಇವರ ಮಗನಿಗೆ ಅವರ ಮಗಳನ್ನ ಕೊಟ್ಟಿರೋದು. ಮದುವೆ ಗುಂಪು ಫೋಟೋದಲ್ಲಿ ಆಯಮ್ಮನ ಒಂದು ಕಿವಿ ಮಾತ್ರ ಬಂದಿದೆ. ಆವತ್ತಿಂದ ಮಾತಿಲ್ಲ.”

ಮಾನ್ಯರೇ, ಒಂದು ಕಿವಿಯ ದೆಸೆಯಿಂದ ಇನ್ನೂರ ನಲವತ್ತು ಜನ ಆರು ವರ್ಷ ಕೆಲಸವಿಲ್ಲದೆ ಕುಳಿತಿದ್ದರು! ಇಬ್ಬರ ಮೇಜಿನ ಗಾಜಿನಡಿಯಲ್ಲೂ ಒಂದೇ ಮೊಮ್ಮಗಳ ಚಿತ್ರವಿದೆ ಎಂದು ಪತ್ತೆಹಚ್ಚಿದ ನಾನು, ಮಗ ಸೊಸೆಯನ್ನು ಹುಡುಕಿಕೊಂಡು ಹೋಗಿ, ಮಗುವಿನೊಡನೆ ಒಂದು ಮಧ್ಯಾಹ್ನ ಕಚೇರಿಗೆ ಬರಲು ಒಪ್ಪಿಸಿದೆ. ಹೊಸದಾಗಿ ಗುಂಪು ಫೋಟೋ ತೆಗೆದೆವು. ಮೊಹರಿನವರ ಎರಡೂ ಕಿವಿ, ಓಲೆಗಳ ಸಮೇತ, ನಟ್ಟನಡುವೆ ಬಂದವು. “ಈಗ ಸರಿಯಾಯ್ತಾ ಬೀಗಿತ್ತೀ?” ಎಂದು ಪರಿಶೀಲನೆಯವರು ಕೇಳಿದರು. ಮೊಹರಿನವರು ಕೈಚಾಚಿ ಅವರ ಮೇಜಿನಿಂದ ಒಂದು ಅರ್ಜಿ ಎತ್ತಿಕೊಂಡು ದಬ್ಬೆಂದು ಮೊಹರು ಒತ್ತಿದರು. ನಾನು ಅತ್ತುಬಿಟ್ಟೆ.

ಮೂರೇ ವಾರದಲ್ಲಿ ಎಲ್ಲರಿಗೂ ಕೆಲಸ ಸಿಕ್ಕಿ ಬೆಂಚುಗಳು ಖಾಲಿಯಾದವು. ಕೂದಲಿನ ಖಾತೆಯಲ್ಲಿದ್ದ ನಾನೊಬ್ಬಳೇ ಉಳಿದೆ. ಆಗ ಮೇಲಿನಿಂದ ಸುತ್ತೋಲೆ ಬಂತು: ಅಭ್ಯರ್ಥಿಗಳಿಲ್ಲದ ಕಚೇರಿಗಳನ್ನು ಮುಚ್ಚತಕ್ಕದ್ದು. ತಾವು ನನ್ನನ್ನು ಒಳಕರೆದು, ಮೊಟ್ಟಮೊದಲ ಬಾರಿಗೆ ಕುರ್ಚಿ ಕೊಟ್ಟು, “ನೋಡಮ್ಮಾ, ಒಬ್ಬರಾದ್ರೂ ನಿರುದ್ಯೋಗಿ ಇರ್ಲೇಬೇಕು. ಇಲ್ದಿದ್ರೆ ನಾವೆಲ್ಲ ನಿರುದ್ಯೋಗಿಗಳಾಗ್ತೀವಿ,” ಎಂದಿರಿ. ಹೀಗೆ ಸೃಷ್ಟಿಯಾದದ್ದೇ ‘ಖಾಯಂ ನಿರುದ್ಯೋಗಿ’ ಹುದ್ದೆ. ಅಮ್ಮ ಬೀದಿಗೆಲ್ಲ ಸಿಹಿ ಹಂಚಿದಳು. ಏನು ಕೆಲಸ ಎಂದವರಿಗೆ, “ಕೂತ್ಕೊಂಡು ಮಾಡೋ ಕೆಲಸ” ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಈಗ ದೂರಿಗೆ ಬರುತ್ತೇನೆ. ಬೆಳಿಗ್ಗೆ ಹನ್ನೊಂದಕ್ಕೆ ನಾನು ಹಾಜರಿ ಹಾಕಿದೊಡನೆ ನಾನು ಉದ್ಯೋಗಿಯೆಂದು ಅಭ್ಯರ್ಥಿಗಳ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಲಾಗುತ್ತದೆ, ಅಭ್ಯರ್ಥಿಗಳೇ ಇಲ್ಲವೆಂದು ಕಚೇರಿ ಮುಚ್ಚುವ ಆದೇಶ ಸಿದ್ಧವಾಗುತ್ತದೆ, ಮುಚ್ಚುವ ಕಚೇರಿಯಲ್ಲಿ ಹುದ್ದೆ ಯಾಕೆಂದು ನನ್ನನ್ನು ತೆಗೆಯಲಾಗುತ್ತದೆ, ಕೆಲಸ ಕಳೆದುಕೊಂಡ ನಾನು ಅಭ್ಯರ್ಥಿಯಾಗಿ ನೋಂದಾಯಿಸುತ್ತೇನೆ, ಕಚೇರಿ ಉಳಿಯುತ್ತದೆ, ನನಗೆ ನೇಮಕಾತಿ ಪತ್ರ ಬರುತ್ತದೆ. ಈವರೆಗೆ ಹದಿನಾಲ್ಕು ಬೀಳ್ಕೊಡುಗೆಗಳಾಗಿವೆ. ಪ್ರತಿ ಸಲವೂ ತಾವು ಕಣ್ಣೊರೆಸಿಕೊಳ್ಳುವ ಪರಿಗೆ ನಾನು ಚಿರಋಣಿ. ಅಮ್ಮ ಮಾತ್ರ ಸಿಹಿ ಹಂಚುವುದನ್ನು ನಿಲ್ಲಿಸಿದ್ದಾಳೆ, ಬೀದಿಯವರ ಮುಖ ತಪ್ಪಿಸಿ ಓಡಾಡುತ್ತಾಳೆ. ಅದೊಂದೇ ನನಗೆ ನಿಜವಾದ ಸಂಕಟ.

ಆದ್ದರಿಂದ ದಯಮಾಡಿ ನನ್ನನ್ನು ಎರಡಾಗಿ ವಿಭಾಗಿಸಿ, ಸೊಂಟದ ಮೇಲಿನ ಭಾಗವನ್ನು ಉದ್ಯೋಗಿಯೆಂದೂ, ಬೆಂಚಿನ ಮೇಲೆ ಕೂರುವ ಭಾಗವನ್ನು ಅಭ್ಯರ್ಥಿಯೆಂದೂ ಆದೇಶಿಸಬೇಕಾಗಿ ವಿನಂತಿ. ಬಡ್ತಿ ಬಂದಾಗ ಯಾವ ಭಾಗಕ್ಕೆ ಕೊಡಬೇಕೆಂಬುದನ್ನು ತಮ್ಮ ವಿವೇಚನೆಗೇ ಬಿಟ್ಟಿದ್ದೇನೆ.

ಈ ಸಾಲು ಬರೆಯುವ ಹೊತ್ತಿಗೆ ಮಾತ್ರ ಕೆಲಸದಲ್ಲಿರುವ,
ತಮ್ಮ ವಿಶ್ವಾಸಿ,
ಖಾಯಂ ನಿರುದ್ಯೋಗಿ (ಹಂಗಾಮಿ)

ತಾ.ಕ.: ನಿನ್ನೆ ತಮ್ಮ ಮಗಳು ನನ್ನನ್ನು ಕಾಣಲು ಬಂದಿದ್ದಳು. “ಅಕ್ಕಾ, ಮಾನವಶಾಸ್ತ್ರ ಓದಿದ್ರೆ ಮುಂದೆ ಕೆಲಸ ಸಿಗುತ್ತಾ? ಅಪ್ಪಂಗೆ ಇನ್ನೂ ಹೇಳಿಲ್ಲ,” ಎಂದಳು. ಹದಿನಾಲ್ಕು ಸಲ ಸಿಕ್ಕಿದೆ ಎಂದು ನನ್ನ ನೇಮಕಾತಿ ಪತ್ರಗಳನ್ನೆಲ್ಲ ತೋರಿಸಿದೆ. ಬಹಳ ಖುಷಿಯಾಗಿ, ನೇರವಾಗಿ ಕಾಲೇಜಿಗೆ ಹೋಗಿ ಸೇರಿಕೊಂಡಳು.