ಕಂಡಕ್ಟರ್ ಕುದುರೆ ಹತ್ತಿದ್ದು

ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ನಿಂತವನಿಗೆ ದಿನಕ್ಕೊಂದು ತಮಾಷೆ ತಾನಾಗಿ ಬಂದು ಹತ್ತುತ್ತದೆ, ಅದಕ್ಕೆ ಟಿಕೆಟ್ ಹರಿಯಲು ಬರುವುದಿಲ್ಲ ಅಷ್ಟೇ. ಕಾಲು ಮುರಿದುಕೊಂಡು ಮನೆಯಲ್ಲಿ ಬಿದ್ದ ಮೇಲೆ ಅದೆಲ್ಲ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ನಮ್ಮ ಮನೆಗೇ ಬಂದು ಹತ್ತತೊಡಗಿತು.

ನಾನು ಬಾಗಲಕೋಟೆ–ಬಾದಾಮಿ ಬಸ್ಸಿನ ಕಂಡಕ್ಟರ್. ಕೆರೂರ ಸ್ಟ್ಯಾಂಡಿನಲ್ಲಿ ಬಸ್ಸಿನ ಮೆಟ್ಟಿಲಿನಿಂದ ಬಿದ್ದೆ. ಬಲಗಾಲು ಎರಡು ಕಡೆ ಮುರಿಯಿತು, ಒಳಗೆ ರಾಡ್ ಹಾಕಿದರು. ಆಮೇಲೆ ಎರಡು ತಿಂಗಳು ಗುಳೇದಗುಡ್ಡದ ನಮ್ಮ ಮನೆಯ ಮಂಚವೇ ಗತಿ. ಹೆಂಡತಿ ಪಡಸಾಲೆಯ ಮಗ್ಗದಲ್ಲಿ ಕುಪ್ಪಸದ ಖಣ ನೇಯುತ್ತಾಳೆ. ಒಳಕೋಣೆಯ ಬಾಗಿಲಿನಾಚೆ ಲಾಳಿ ಅತ್ತ ಹೋಗಿ ಇತ್ತ ಬರುವುದನ್ನು ನೋಡುತ್ತ ಮಲಗಿರುತ್ತಿದ್ದೆ. ಆ ಮನೆಯಲ್ಲಿ ಆರಾಮಾಗಿ ಓಡಾಡುತ್ತಿದ್ದದ್ದು ಅದೊಂದೇ. ಮೊದಲು ಊಟ ಕಡಿಮೆಯಾಯಿತು, ಆಮೇಲೆ ಮಾತು. ಕೊನೆಗೆ ಗೋಡೆ ಕಡೆ ತಿರುಗಿ ಮಲಗುವುದು ರೂಢಿಯಾಯಿತು.

ಕಾಲೇಜಿನ ರಜೆಗೆ ಬಂದ ಮಗಳು ಎರಡು ದಿನ ನನ್ನ ಬೆನ್ನು ನೋಡಿದಳು. ಮೂರನೇ ದಿನ ಲ್ಯಾಪ್‌ಟಾಪ್ ತಂದು ಮಂಚದ ಪಕ್ಕ ಸ್ಟೂಲಿನ ಮೇಲಿಟ್ಟಳು.

"ಅಪ್ಪಾ, ಇದು ಹೊಸಾ ಆಟ. ಪೂರಾ ಇನ್ನೂ ಬಂದಿಲ್ಲ, ಇದು ಡೆಮೊ. ರುಚಿ ನೋಡಾಕ ಒಂದ ತುಂಡ ಕೊಟ್ಟಾರ. ದೊಡ್ಡ ನಾಡ ಐತಿ, ಎಲ್ಲಿ ಬೇಕಾದ್ರೂ ತಿರಗಾಡಬಹುದು, ಬಡದಾಡಬಹುದು."

"ರೂಟ್ ಇಲ್ಲೇನು?"

"ಇಲ್ಲ."

"ಟೈಮಿಂಗ್?"

"ಅದೂ ಇಲ್ಲ."

ಇಂಥ ಸರ್ವಿಸ್ ಹೆಚ್ಚು ದಿನ ನಡೆಯುವುದಿಲ್ಲ ಅಂದೆ. ಆದರೂ ಗೋಡೆ ಬಿಟ್ಟು ಇತ್ತ ತಿರುಗಿದೆ.

೧. ಮುಖ

ಆಟ ಶುರುವಾಗುವ ಮೊದಲು ನಮ್ಮ ಮನುಷ್ಯನನ್ನು ನಾವೇ ತಯಾರು ಮಾಡಬೇಕು. ಮೂಗು, ಗದ್ದ, ಹುಬ್ಬು, ಎಲ್ಲವನ್ನೂ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದು. ನಾನು ನನ್ನನ್ನೇ ಮಾಡಲು ಕೂತೆ. ಹೊಟ್ಟೆ ಸ್ವಲ್ಪ ಇಳಿಸಿದೆ. ತಲೆಗೆ ಕೂದಲು ಕೊಟ್ಟೆ. ಮೈಬಣ್ಣ ಒಂದು ಚೂರು ತಿಳಿ ಮಾಡಿದೆ. ಕಾಲುಗಳ ಹತ್ತಿರ ಬಂದಾಗ ಕೈ ನಿಂತಿತು. ಎರಡೂ ಗಟ್ಟಿಮುಟ್ಟಾಗಿದ್ದವು. ಅವನ್ನು ಮುಟ್ಟಲಿಲ್ಲ.

ಹೀಗೆ ಮಧ್ಯಾಹ್ನವೆಲ್ಲ ಕಳೆಯಿತು. ಇಷ್ಟು ಹೊತ್ತು ಅಪ್ಪ ಮಗಳು ಏನು ನೋಡುತ್ತಿದ್ದಾರೆ ಎಂದು ಹೆಂಡತಿ ಮಗ್ಗ ಬಿಟ್ಟು ಎದ್ದು ಬಂದಳು.

"ಯಾರಿಂವ?"

"ನಾನು" ಅಂದೆ.

ಪರದೆ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಪರದೆ ನೋಡಿದಳು.

"ನಮ್ಮಪ್ಪ ಇಂವನ್ನ ತೋರ್ಸಿದ್ರ, ಲಗ್ನದ ದಿನ ನಾ ಅಷ್ಟ ಅಳ್ತಿರ್ಲಿಲ್ಲ" ಅಂದು ಮಗ್ಗಕ್ಕೆ ಹೋದಳು.

೨. ಬಾಗಿಲ ಕಾವಲುಗಾರ

ಮಗಳು ಕತ್ತಿ ಬೀಸುವುದು ಹೇಗೆ, ಗುರಾಣಿ ಹಿಡಿಯುವುದು ಹೇಗೆ ಎಂದು ಒಂದೊಂದೇ ಬಟನ್ ಹೇಳಿಕೊಟ್ಟಳು. ನನಗೆ ಅದ್ಯಾವುದೂ ಬೇಡವಾಗಿತ್ತು. ನಡೆಯುವ ಬಟನ್ ಯಾವುದು ಎಂದು ಗೊತ್ತಾದದ್ದೇ ಸಾಕಾಯಿತು. ಒಂದು ತಾಸು ಸುಮ್ಮನೆ ನಡೆದೆ. ಹುಲ್ಲಿನ ಬಯಲು, ಹಳ್ಳ, ಕೆಂಪು ಬಂಡೆಗಳ ಗುಡ್ಡ. ಓಡಿದೆ, ನಿಂತೆ, ಮತ್ತೆ ಓಡಿದೆ. ಕಾಲ ಕೆಳಗಿನ ನೆಲ ಹಿಂದಕ್ಕೆ ಸರಿಯುವುದನ್ನು ಎರಡು ತಿಂಗಳಾದ ಮೇಲೆ ನೋಡುತ್ತಿದ್ದೆ. ಕಣ್ಣು ಒದ್ದೆಯಾದವು. ಪರದೆಯ ಬೆಳಕು ಕಣ್ಣಿಗೆ ಚುಚ್ಚಾಕತ್ತೈತಿ ಎಂದು ಮಗಳಿಗೆ ಹೇಳಿದೆ. ಆಕೆ ಬೆಳಕು ಕಡಿಮೆ ಮಾಡಿದಳು.

ಕೊನೆಗೆ ಒಂದು ಊರು ಬಂತು. ಊರ ಬಾಗಿಲಲ್ಲಿ ಈಟಿ ಹಿಡಿದ ಕಾವಲುಗಾರ ನಿಂತಿದ್ದ. ಮಾತಾಡಿಸಿದರೆ ಇಂಗ್ಲಿಷಿನಲ್ಲಿ ಏನೋ ಅಂದ.

"ಒಳಗ ನಡೀರಿ, ಬಾಗಲದಾಗ ನಿಲ್ಲಬ್ಯಾಡ್ರಿ ಅನ್ನಾಕತ್ತಾನ" ಎಂದು ಮಗಳು ಹೇಳಿದಳು.

ಮತ್ತೆ ಮಾತಾಡಿಸಿದೆ. ಅದನ್ನೇ ಅಂದ. ಹತ್ತು ಸಲ ಮಾತಾಡಿಸಿದರೂ ಅದೇ ಮಾತು, ಅದೇ ಮುಖ.

"ಪಾಪ, ಇಂವಗ ಬ್ಯಾರೆ ಮಾತ ಕಲಿಸೇ ಇಲ್ಲ" ಅಂದೆ.

ಹೆಂಡತಿ ಮಗ್ಗದಿಂದ ತಲೆ ಎತ್ತಲಿಲ್ಲ. "ನೀವು ಇಪ್ಪತ್ತಾರ ವರ್ಷ ಮತ್ತೇನ ಅಂದೀರಿ? ಒಳಗ ಸರೀರಿ, ಒಳಗ ಸರೀರಿ. ನಿದ್ದ್ಯಾಗೂ ಅದನ್ನ ಅಂತೀರಿ. ಸರದ ಸರದ ನನ್ನ ಅರ್ಧಾ ಹಾಸಿಗಿ ಹೋತು."

೩. ತಪಾಸಣೆ

ತಿಂಗಳ ತಪಾಸಣೆಗೆ ಬಾಗಲಕೋಟೆಯ ದವಾಖಾನೆಗೆ ಹೋದೆವು. ವಾಕರ್ ಹಿಡಿದು ದಿನಾ ಅಂಗಳದಲ್ಲಿ ನಡೆಯಬೇಕು ಎಂದು ಎಲುಬಿನ ಡಾಕ್ಟರು ಮೊದಲೇ ಹೇಳಿದ್ದರು. ನಾನು ನಡೆದಿರಲಿಲ್ಲ. ಒಮ್ಮೆ ಎದ್ದು ನಿಂತಾಗ ಕಾಲು ಗಡಗಡ ನಡುಗಿತ್ತು. ಆ ಹೆದರಿಕೆ ಒಳಗೆ ಕೂತುಬಿಟ್ಟಿತ್ತು.

"ದಿನಾ ಎಷ್ಟ ನಡೀತೀರಿ?" ಡಾಕ್ಟರು ಕೇಳಿದರು.

ನನ್ನ ತಲೆ ಇನ್ನೂ ಆ ಬಯಲಿನಲ್ಲೇ ಇತ್ತು. "ಎಂಟ್ಹತ್ತ ಕಿಲೋಮೀಟರ್ ಆಗತೈತ್ರಿ. ನಿನ್ನೆ ಒಂದ ಗುಡ್ಡಾನೂ ಹತ್ತಿದೆ" ಅಂದುಬಿಟ್ಟೆ.

ಡಾಕ್ಟರು ಪೆನ್ನು ಕೆಳಗಿಟ್ಟರು.

"ಆಟದಾಗ್ರಿ, ಸರ್" ಅಂದಳು ಮಗಳು.

ಅವರು ನಗಲಿಲ್ಲ. ಎಕ್ಸ್-ರೇ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಎಲುಬು ಕೂಡಾಕತ್ತೈತಿ, ನೀವ ಏಳವಲ್ರಿ. ಹಿಂಗ ಕುಂತ್ರ ಬಸ್ಸಿನ ಮೆಟ್ಟಲಾ ಮರತಬಿಡ್ರಿ. ಆಫೀಸಿನ್ಯಾಗ ಕುಂಡ್ರೂ ಕೆಲಸ ಕೇಳಕೋರಿ" ಅಂದರು.

ಕುರ್ಚಿ, ಮೇಜು, ಒಂದು ಕಿಟಕಿ, ಆ ಕಿಟಕಿಯ ಹೊರಗೆ ಬೇರೆ ಯಾರದೋ ಬಸ್ಸು. ಅಷ್ಟೂ ಒಮ್ಮೆಗೇ ಕಣ್ಣಿಗೆ ಬಂತು. ಮಗಳ ಹೆಗಲು ಹಿಡಿದು ಬಾಗಿಲ ತನಕ ಬಂದಾಗ ಹಿಂದಿನಿಂದ ಡಾಕ್ಟರ ದನಿ ಕೇಳಿತು.

"ಮುಂದಿನ ಸಲ ಆಟದಾಗಿನಾಂವನ್ನೂ ಕರಕೊಂಡ ಬರ್ರಿ. ಹೇಳಿದ್ದ ಕೇಳೂ ಪೇಷಂಟ್ ನಾ ನೋಡಿ ಭಾಳ ದಿನಾ ಆತು."

ಮರುದಿನದಿಂದ ವಾಕರ್ ಹಿಡಿದೆ. ಬಾವಿಯ ಕಟ್ಟೆ ತನಕ ಹನ್ನೆರಡು ಹೆಜ್ಜೆ, ವಾಪಸ್ಸು ಹನ್ನೆರಡು.

೪. ಸತ್ತ ಸುದ್ದಿ

ಬಯಲು ದಾಟಿ ಕಾಡಿಗೆ ಹೋದರೆ ತೋಳಗಳಿವೆ. ಅವು ಗುಂಪಾಗಿ ಬರುತ್ತವೆ, ನಾನು ಗಾಬರಿಯಲ್ಲಿ ಕತ್ತಿಯ ಬಟನ್ ಬಿಟ್ಟು ಕೂರುವ ಬಟನ್ ಒತ್ತುತ್ತೇನೆ. ತೋಳದ ಮುಂದೆ ಕೂತವನು ಉಳಿಯುವುದುಂಟೇ. ಪರದೆ ಕಪ್ಪಾಗಿ, ನೀವು ಸತ್ತಿರಿ ಎಂದು ದೊಡ್ಡ ಅಕ್ಷರ ಬರುತ್ತದೆ. ಸ್ವಲ್ಪ ಹೊತ್ತಿಗೆ ಹೊಳೆಯ ದಂಡೆಯಲ್ಲಿ ಮತ್ತೆ ಎದ್ದು ನಿಲ್ಲುತ್ತೇನೆ.

ಒಂದು ಮುಂಜಾನೆ ಮಗಳು ಅಂಗಳದಲ್ಲಿ ನಿಂತು ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದಳು, "ಅಪ್ಪ ಈಗರೆ ಸತ್ತ. ಕೂತಲ್ಲೇ ಹೋದ. ನೋಡಾಕ ಆಗ್ಲಿಲ್ಲ ನನಗ."

ನಮ್ಮ ಓಣಿಯಲ್ಲಿ ಮನೆಮನೆಗೂ ಒಂದೇ ಗೋಡೆ. ಪಕ್ಕದ ಮನೆಯ ಅಜ್ಜಿಗೆ ಇಷ್ಟು ಕೇಳಿಸಿತು. ಸೆರಗು ಬಾಯಿಗೆ ಒತ್ತಿಕೊಂಡು ಓಡಿಬಂದಳು, ಅವಳ ಹಿಂದೆ ಇನ್ನೂ ನಾಲ್ಕು ಮಂದಿ ಹೆಂಗಸರು. ಪಡಸಾಲೆಯಲ್ಲಿ ನನ್ನ ಹೆಂಡತಿ ನೇಯುತ್ತಲೇ ಇದ್ದಳು. ಅಜ್ಜಿ ಆಕೆಯ ತಲೆ ಎದೆಗೆ ಒತ್ತಿಕೊಂಡು, "ಅಳ ಯವ್ವಾ, ಹಿಂಗ ಕಲ್ಲ ಆಗಬ್ಯಾಡ" ಎಂದು ತಾನೇ ಅತ್ತಳು. "ಭಾಳ ಚಲೋ ಮನಶ್ಯಾ. ನನಗ ಎಂದೂ ಬಸ್ಸಿನ್ಯಾಗ ನಿಂದರಿಸಲಿಲ್ಲ. ಯಾರನರೆ ಎಬ್ಬಿಸಿ ಸೀಟ ಕೊಡ್ತಿದ್ದ."

ಒಳಗಿನ ಮಂಚದ ಮೇಲೆ ಇದನ್ನು ಕೇಳುತ್ತ ನಾನು ಚಹಾದ ಕಪ್ಪು ಹಿಡಿದು ಕೂತೇ ಇದ್ದೆ. ಯಾರಾದರೂ ನನ್ನ ಬಗ್ಗೆ ಒಳ್ಳೆಯ ಮಾತಾಡಿ ಎಷ್ಟು ದಿನವಾಗಿತ್ತೋ. ಕೂಗಿ ಹೇಳಬೇಕಿತ್ತು. ಇನ್ನೊಂದು ಸ್ವಲ್ಪ ಹೇಳಲಿ ಎಂದು ಸುಮ್ಮನಿದ್ದೆ. ಅಷ್ಟರಲ್ಲಿ ಅಜ್ಜಿ ಒಳಗೆ ಬಂದು ನೋಡಿದಳು. ಅಳು ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ದಿಟ್ಟಿಸಿದಳು.

"ಇಲ್ಲೇ ಅದೀಯಲ್ಲೋ ತಮ್ಮಾ. ಮತ್ತ ಮೊದಲ ಹೇಳಬಾರದ? ಒಲಿ ಮ್ಯಾಲಿನ ರೊಟ್ಟಿ ಸುಟ್ಟ ಹೋತು."

೫. ಡ್ರೈವರ್ ಬಂದದ್ದು

ನಾನು ಬಿದ್ದ ದಿನ ಬಸ್ಸು ಓಡಿಸುತ್ತಿದ್ದವನು ಹನ್ನೊಂದು ವರ್ಷದಿಂದ ನನ್ನ ಜೋಡಿಯಾಗಿದ್ದ ಡ್ರೈವರ್. ಒಂದೇ ಡಬ್ಬಿಯಲ್ಲಿ ಉಂಡವರು ನಾವು. ಇಷ್ಟು ದಿನವಾದರೂ ಅವನು ಒಮ್ಮೆಯೂ ನನ್ನನ್ನು ನೋಡಲು ಬಂದಿರಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಕಂಡಕ್ಟರ್ 'ರೈಟ್' ಅನ್ನುವ ಮೊದಲೇ ಡ್ರೈವರ್ ಗಾಡಿ ಬಿಟ್ಟ ಎಂದು ಸ್ಟ್ಯಾಂಡಿನ ಜನ ಹೇಳಿದ್ದರು. ಡಿಪೋದವರು ಅವನಿಗೆ ನೋಟಿಸ್ ಕೊಟ್ಟು ಗಾಡಿಯಿಂದ ಇಳಿಸಿದ್ದರು. ಸ್ಟ್ಯಾಂಡಿನ ಜನ ಹೇಳಿದ್ದು ಸುಳ್ಳು. ರೈಟ್ ಅಂದವನು ನಾನೇ. ಅಂದ ಮೇಲೆ, ಒಬ್ಬ ಮುದುಕಿಯ ಗಂಟು ಕೆಳಗೆ ಉಳಿದದ್ದು ಕಂಡು ಇಳಿಯಲು ಹೋದೆ. ಇಷ್ಟನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೊದಲು ನೋವಿನಲ್ಲಿ ಬಾಯಿ ಬರಲಿಲ್ಲ. ಆಮೇಲೆ, ತಪ್ಪು ನನ್ನದು ಎಂದಾದರೆ ನನ್ನ ಕೆಲಸ ಏನಾಗುತ್ತದೋ ಎಂಬ ಹೆದರಿಕೆ. ಗೋಡೆ ಕಡೆ ತಿರುಗಿ ಮಲಗುತ್ತಿದ್ದದ್ದು ಬರೀ ಕಾಲಿಗಾಗಿ ಅಲ್ಲ.

ಒಂದು ರವಿವಾರ ಮಧ್ಯಾಹ್ನ ಅವನೇ ಬಂದ. ಸೊರಗಿದ್ದ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, "ಹೆಂಗದೀ?" ಅಂದ. "ಅದೀನಿ" ಅಂದೆ.

"ನನ್ನ ತಪ್ಪೇ ಇರಬೇಕು ಬಿಡು" ಎಂದು ಅವನೇ ನೆಲ ನೋಡುತ್ತ ಅಂದ. "ರೈಟ್ ಅಂದದ್ದ ಕೇಳಿಸಿದಂಗ ಆಗಿತ್ತು ನನಗ. ಆದ್ರ ಎಲ್ಲಾರೂ ಇಲ್ಲ ಅಂದ್ರು. ಕಾಲ ಮುರಕೊಂಡಾವನೂ ಸುಮ್ಮನ ಇದ್ದ. ಹಂಗಾದ್ರ ನನ್ನ ಕಿವಿನ ಖರಾಬ್ ಅಂತ ತಿಳಕೊಂಡೆ."

"ನಿನ್ನ ಕಿವಿ ಚಲೋ ಅದಾವ" ಅಂದೆ. "ರೈಟ್ ನಾನ ಅಂದಿದ್ದೆ. ಅಂದು, ಇಳ್ಯಾಕ ಹ್ವಾದೆ."

ಮಗ್ಗದ ಸದ್ದು ನಿಂತಿತು. ಅವನು ನನ್ನ ಕಾಲಿನ ಕಡೆ ನೋಡಿದ. ಬೈಯುತ್ತಾನೆ ಎಂದುಕೊಂಡೆ.

"ಬರದ ಕೊಡ್ತಿ?" ಅಂದ.

ಮಗಳು ಹಾಳೆ ತಂದಳು. ನಡೆದದ್ದು ನಡೆದ ಹಾಗೆ ಬರೆದು ಸಹಿ ಹಾಕಿದೆ. ಅವನು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟು, ಕಿಸೆಯ ಮೇಲೆ ಕೈ ಇಟ್ಟುಕೊಂಡೇ ಕೂತ.

ನಮ್ಮಿಬ್ಬರ ಮುಖ ನೋಡಲಾರದೆ ಮಗಳು ಆಟ ಹಚ್ಚಿದಳು. ಅವತ್ತಷ್ಟೇ ನನಗೆ ಆಟದಲ್ಲಿ ಒಂದು ಕುದುರೆ ಸಿಕ್ಕಿತ್ತು, ಅದನ್ನು ಹತ್ತಿ ಒಂದು ಗುಡ್ಡದ ಮೇಲೆ ನಿಂತಿದ್ದೆ. "ಕಾಕಾ, ನೀವು ಓಡಸ್ರಿ" ಎಂದು ಲ್ಯಾಪ್‌ಟಾಪ್ ಅವನ ಮುಂದೆ ಸರಿಸಿದಳು.

ಅವನು ಕನ್ನಡಕ ಹಾಕಿಕೊಂಡು ಹಾರ್ನ್ ಎಲ್ಲಿದೆ ಎಂದು ಕೇಳಿದ. ಇಲ್ಲ ಅಂದಳು. ಬ್ರೇಕ್ ಕೇಳಿದ, ಆಕೆ ಒಂದು ಬಟನ್ ತೋರಿಸಿದಳು. ಸರಿ ಎಂದು ಬೆನ್ನು ನೆಟ್ಟಗೆ ಮಾಡಿ ಕೂತ. ಕುದುರೆ ಕದಲಲಿಲ್ಲ. ಅರ್ಧ ನಿಮಿಷವಾಯಿತು. ಅವನು ಕಾಯುತ್ತಲೇ ಇದ್ದ. ಯಾಕೆ ಕಾಯುತ್ತಿದ್ದಾನೆ ಎಂದು ಆಕೆಗೆ ತಿಳಿಯಲಿಲ್ಲ, ನನಗೆ ತಿಳಿಯಿತು.

"ರೈಟ್" ಅಂದೆ.

ಕುದುರೆ ನಾಲ್ಕೇ ಹೆಜ್ಜೆ ಹಾಕಿ ಕಡಿದಾದ ಕೊರಕಲಿಗೆ ಹಾರಿತು. ಕುದುರೆ, ನಾನು, ನನ್ನ ಕೂದಲು, ಎರಡೂ ಕಾಲು, ಎಲ್ಲ ಕೂಡಿ ಬಂಡೆಯಿಂದ ಬಂಡೆಗೆ ಬಡಿದುಕೊಂಡು ಕೆಳಗೆ ಹೋದೆವು. ಪರದೆ ಕಪ್ಪಾಯಿತು.

ಅವನು ಕನ್ನಡಕ ತೆಗೆದು, ಮಗಳ ಕಡೆ ತಿರುಗಿ ಮೆಲ್ಲಗೆ ಅಂದ.

"ಇನ್ನೊಂದ ಹಾಳಿ ತಗೊಂಬಾ, ತಂಗಿ."