ಉಚ್ಚೀರಪ್ಪನ ಕಂಬಳಿ ಕೋಟು

"ಬೀಗರು ನನ್ನ ನೋಡಿದ ಕೂಡ್ಲೆ ಎದ್ದು ನಿಲ್ಲಬೇಕು. ಇಲ್ಲಂದ್ರ ನನ್ನ ಹೆಸರು ಉಚ್ಚೀರಪ್ಪನ ಅಲ್ಲ," ಎಂದು ಆದೋನಿಯ ಹತ್ತಿ ಗಿರಣಿಯ ಗುಮಾಸ್ತ ಉಚ್ಚೀರಪ್ಪ ಕನ್ನಡಿಯ ಮುಂದೆ ನಿಂತು ಶಪಥ ಮಾಡಿದ. ಕನ್ನಡಿ ಒಡೆದಿದ್ದರಿಂದ ಶಪಥ ಮಾಡಿದ್ದು ಅರ್ಧ ಮುಖ ಮಾತ್ರ.

ಕಾಲ ಕೆಟ್ಟಿತ್ತು. ಹತ್ತಿ ಕೇಳುವವರಿಲ್ಲದೆ ಗಿರಣಿ ವಾರಕ್ಕೆ ಮೂರು ದಿನ ಓಡುತ್ತಿತ್ತು. ಮನೆಯಲ್ಲಿ ಚಹಾ ನಿಂತು ಬೆಲ್ಲದ ನೀರು ಬಂದು, ಅದೂ ನಿಂತು ಬರೀ ನೀರು ಬಂದಿತ್ತು. ಆದರೆ ಠೀವಿ ಬಿಡುವ ಆಸಾಮಿಯೇ ನಮ್ಮ ಉಚ್ಚೀರಪ್ಪ? ಕರ್ನೂಲು ಆಂಧ್ರದ ರಾಜಧಾನಿಯಾದ ಮೇಲಂತೂ ರೈಲಿನಲ್ಲಿ ಎಲ್ಲಿ ನೋಡಿದರೂ ಕೋಟಿನವರು. ಕೋಟು ಕಂಡರೆ ಟಿಕೆಟ್ ಕೇಳುವವನೂ ಸಲಾಮು ಹೊಡೆಯುತ್ತಿದ್ದ. ಈಗ ತಂಗಿ ಸುಂಕಲಮ್ಮನನ್ನು ಕೇಳಿಕೊಂಡು ಮದ್ದಿಕೇರದಿಂದ ಬರುತ್ತಿದ್ದ ಸಂಬಂಧವೂ ರೈಲ್ವೆ ನೌಕರನದೇ. ಹಿಂದೆ ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಇದೂ ತಪ್ಪಿದರೆ ತಂಗಿಗೆ ಹೇಗೆ ಮುಖ ತೋರಿಸಲಿ ಎಂಬ ಭಯ ಅವನಿಗೆ ನಿಜವಾಗಿಯೂ ಇತ್ತು. ಅಣ್ಣನ ಮೈಮೇಲೆ ಕೋಟಿದ್ದರೆ ಸಂಬಂಧ ಕುದುರುತ್ತದೆ ಎಂದು ಅವನು ನಂಬಿದ.

ಹೆಂಡತಿ ಬಸವಕ್ಕ ತವರೂರು ದೇವನಕೊಂಡಕ್ಕೆ ಹೋಗಿದ್ದ ವಾರ, ಅಟ್ಟದ ಮೇಲೆ ಅಪ್ಪನ ಕಾಲದ ಕರಿ ಕಂಬಳಿ ಕಣ್ಣಿಗೆ ಬಿತ್ತು. ಹುಣಸೆ ಬೀಜದ ಗಂಜಿ ಹಾಕಿದ್ದ, ಹಲಗೆಯಷ್ಟು ಗಟ್ಟಿ ಮಾಲು. ಮದುವೆ ಗೊತ್ತುಮಾಡಿ ವೀಳ್ಯ ಬದಲಾಯಿಸುವ ದಿನ ದೇವರ ಗದ್ದಿಗೆಗೆ ಕಂಬಳಿ ಹಾಸಬೇಕೆಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಓಣಿಯಲ್ಲಿ ಯಾರ ಮನೆಯಲ್ಲಿ ಕಂಬಳಿಯಿಲ್ಲ? ಒಂದು ಇಸಕೊಂಡರಾಯಿತು.

ದರ್ಜಿ ಮಹಬೂಬ್ ಸಾಬರು ಕಂಬಳಿಯನ್ನು ಬೆರಳಿನಿಂದ ತಟ್ಟಿ ನೋಡಿದರು. "ಇದು ನನ್ನ ಕೆಲಸ ಅಲ್ಲ ಭಾಯಿ, ಬಡಿಗ್ಯಾರ ಕೆಲಸ."

"ಹೊಲೀರಿ ಸಾಬ್ರ. ಇಂಗ್ಲೀಷ್ ಕಟಿಂಗು ಇರಬೇಕು."

"ಒಳಗ ಅಸ್ತರು?"

"ನನ್ನ ಅಂಗಿ ಐತಲ್ಲ. ಕಾಲರು, ಎದಿ ಬಿಟ್ಟು ಉಳಿದದ್ದು ಕತ್ತರಿಸಿ ಹಾಕ್ರಿ. ಕೋಟಿನ ಒಳಗ ಬೆನ್ನು ಯಾರು ನೋಡ್ತಾರ?"

ಐದು ಸೂಜಿ ಮುರಿದು ಕೋಟು ತಯಾರಾಯಿತು. ತೊಟ್ಟರೆ ಕೈ ಕೆಳಗಿಳಿಯುತ್ತಿರಲಿಲ್ಲ. ಬಿಚ್ಚಿಟ್ಟರೆ ಗೋಡೆಯ ಆಸರೆಯೂ ಇಲ್ಲದೆ ತಾನೇ ನಿಲ್ಲುತ್ತಿತ್ತು.

ವೀಳ್ಯದ ಹಿಂದಿನ ದಿನ ಬಸವಕ್ಕ ಊರಿಂದ ಬಂದಳು. "ಇದೇನ್ರೀ, ಕುರಿ ವಾಸನಿ ಹೊಡೀತೈತಿ?"

"ಮದ್ರಾಸಿನ ಉಣ್ಣಿ. ಭಾರಿ ಮಾಲು ಹಂಗ ನಾರತೈತಿ."

ಹೋಳಿಗೆಗೆ ಬೇಳೆ ಎಲ್ಲಿಂದ ತರುವುದೆಂಬ ಚಿಂತೆಯಲ್ಲಿದ್ದ ಆಕೆ ಹೆಚ್ಚು ಕೇಳಲಿಲ್ಲ.

ಮರುದಿನ ಬಿಸಿಲೆಂದರೆ ಬಿಸಿಲು. ಚೈತ್ರದ ಆದೋನಿಯಲ್ಲಿ ಕಂಬಳಿ ಕೋಟು ತೊಟ್ಟ ಮೊದಲ ಮನುಷ್ಯ ಬೀಗರನ್ನು ಎದುರುಗೊಳ್ಳಲು ಬಾಗಿಲಿಗೆ ಹೊರಟ. ಬೀದಿಯಲ್ಲಿ ಹೋಗುತ್ತಿದ್ದ ಕುರಿಯೊಂದು ಹಿಂಡು ಬಿಟ್ಟು ಕೋಟಿನ ವಾಸನೆ ಹಿಡಿದು ಮನೆಯೊಳಗೆ ನುಗ್ಗಿತು. ಅದನ್ನು ಹೊರಗೆ ಹಾಕುವುದರೊಳಗೆ ಬೀಗರು ಬಂದು ಕುಳಿತಾಗಿತ್ತು. ಆದರೇನು! ಹುಡುಗನ ತಂದೆ ನರಸಪ್ಪ ಕೋಟು ಕಂಡವನೇ ದಡಬಡಿಸಿ ಎದ್ದು, "ಬರ್ರಿ ಸಾಹೇಬ್ರ, ಕುಂದರ್ರಿ," ಎಂದ. ಉಚ್ಚೀರಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

"ಗದ್ದಿಗಿ ಹಾಕ್ರಿ," ಎಂದ ನರಸಪ್ಪ.

ಬಸವಕ್ಕ ಅಟ್ಟ ಹತ್ತಿದಳು. ಬರಿಗೈಲಿ ಇಳಿದಳು. ಗಂಡನನ್ನು ಕಾಲಿನಿಂದ ಕಾಲರಿನವರೆಗೆ ನೋಡಿ ಬಿಳುಚಿಕೊಂಡಳು. ಉಚ್ಚೀರಪ್ಪ ಮೊದಲೇ ಹೇಳಿಟ್ಟಿದ್ದ ಪ್ರಕಾರ ಪಕ್ಕದ ಮನೆಯ ಮಾರಣ್ಣ ತನ್ನ ಕಂಬಳಿ ತಂದು ಹಾಸಿದ.

"ಇದು ಯಾರ ಮನೀದು?" ನರಸಪ್ಪ ಕೇಳಿದ.

"ನಂದ್ರಿ," ಎಂದ ಮಾರಣ್ಣ, ಹೆಮ್ಮೆಯಿಂದ.

ನರಸಪ್ಪನ ಮುಖ ಬಿಗಿಯಿತು. "ಹೆಣ್ಣಿನ ಮನಿ ಹಿರೇರ ಕಂಬಳಿ ಎಲ್ಲಿ? ಎರವಲು ಗದ್ದಿಗಿ ಮ್ಯಾಲ ನಮ್ಮ ದೇವರು ಕುಂದ್ರಂಗಿಲ್ಲ. ಅದು ಇಲ್ಲಂದ್ರ ವೀಳ್ಯನೂ ಇಲ್ಲ. ಏಳ್ರಪ್ಪ, ಗಾಡಿ ಕಟ್ರಿ."

ಬಾಗಿಲ ಹಿಂದೆ ಸುಂಕಲಮ್ಮ ಬಿಕ್ಕಿದ್ದು ಕೇಳಿಸಿತು. ಉಚ್ಚೀರಪ್ಪ ಕೋಟಿನ ಗುಂಡಿಗೆ ಕೈ ಹಾಕಿದ. ಠೀವಿ ಹಾಳಾಗಿ ಹೋಗಲಿ, ತಂಗಿ ಅಳಬಾರದು.

"ಕಂಬಳಿ ಐತ್ರಿ ಬೀಗರ," ಎಂದ ಸಣ್ಣ ದನಿಯಲ್ಲಿ. "ಮೈಮ್ಯಾಲ ಐತಿ."

ಕೋಟು ಬಿಚ್ಚುವುದು ಸುಲಭವಾಗಲಿಲ್ಲ. ಬೆವರಿಗೆ ಹುಣಸೆ ಗಂಜಿ ನೆನೆದು ಅಂಟಾಗಿ, ಮಾರಣ್ಣ ಒಂದು ತೋಳು, ಬಸವಕ್ಕ ಒಂದು ತೋಳು ಹಿಡಿದು ಎಳೆಯಬೇಕಾಯಿತು. ಕೊನೆಗೆ ಅದು ಬಂದಾಗ ಒಳಗಿನಿಂದ ಒಂದು ಕಾಲರು, ಅಂಗೈ ಅಗಲದ ಎದೆ, ಅವೆರಡರ ಹಿಂದೆ ಬತ್ತಲೆ ಬೆನ್ನಿನ ಉಚ್ಚೀರಪ್ಪ ಪ್ರಕಟವಾದರು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಕತ್ತರಿ ಬಿದ್ದೈತಿ, ನಡೀತೈತೇನ್ರಿ?" ಬಸವಕ್ಕ ಕೇಳಿದಳು.

ನರಸಪ್ಪ ಕೋಟನ್ನು ಮೂಸಿದ, ಒಳಗೆ ಹೊರಗೆ ತಿರುವಿದ. "ಆಕಾರ ಯಾವುದಾದ್ರೇನವ್ವ? ಕುರಿ ಅದೇ ಐತಲ್ಲ. ಹಾಸ್ರಿ."

ಕೋಟನ್ನು ಅಂಗಾತ ಮಲಗಿಸಿ ತೋಳು ಚಾಚಿದರು. ಎದೆಯ ಮೇಲೆ ಅಕ್ಕಿ ಸುರಿದು ಕಳಸ ಇಟ್ಟರು. ಜೇಬಿಗೆ ವೀಳ್ಯದೆಲೆ, ಕಾಲರಿಗೆ ಅರಿಶಿನದ ಭಂಡಾರ, ಗುಂಡಿಗೊಂದೊಂದು ಹೂವು. ವೀಳ್ಯ ಬದಲಾಯಿತು, ಸಂಬಂಧ ಗಟ್ಟಿಯಾಯಿತು. ಸುಂಕಲಮ್ಮ ನಕ್ಕಳು.

ಉಚ್ಚೀರಪ್ಪ ಗೋಡೆಗೆ ಬೆನ್ನು ಕೊಟ್ಟುಕೊಂಡೇ ಮೆಲ್ಲಗೆ ಸರಿದು ಬಂದು ಕೋಟಿಗೆ ಕೈ ಹಾಕಿದ.

"ಮುಟ್ಟಬ್ಯಾಡ್ರಿ," ಎಂದ ನರಸಪ್ಪ. "ದೇವರು ಕುಂತದ್ದನ್ನ ಇನ್ನ ಮನಿಷ್ಯಾರು ತೊಡಬಾರದು. ದೇವರ ಮನ್ಯಾಗ ಇಟ್ಟು ಸೋಮವಾರಕ್ಕೊಮ್ಮೆ ಊದಿನಕಡ್ಡಿ ಬೆಳಗ್ರಿ."

ಬೀಗರು ಹೊರಡುವ ಹೊತ್ತಾಯಿತು. ಒಬ್ಬೊಬ್ಬರೂ ಕೋಟಿನ ತೋಳು ಮುಟ್ಟಿ ಕಣ್ಣಿಗೊತ್ತಿಕೊಂಡರು. ನರಸಪ್ಪ ಗಾಡಿ ಹತ್ತಿ ಕುಳಿತ ಮೇಲೆ ಏನೋ ಮರೆತವನಂತೆ ಬಸವಕ್ಕನನ್ನು ಕರೆದ.

"ತಂಗೀ, ಲಗ್ನಕ್ಕ ಕೋಟನ್ನ ಮಾತ್ರ ತಪ್ಪದಂಗ ಕರಕೊಂಡು ಬರ್ರಿ. ನಿಮ್ಮ ಯಜಮಾನ್ರಿಗೆ ಬಿಡುವಿಲ್ಲಂದ್ರ ಇರ್ಲಿ, ತೊಂದ್ರಿ ಕೊಡಬ್ಯಾಡ್ರಿ."